ಯಾರದೋ ಜಾಡು

ಅಲಂಗ, ಮದನ, ಕುಲಂಗ ಎಂಬ ಮೂರು ಕೋಟೆಬೆಟ್ಟಗಳು ನಾಸಿಕ್ ಜಿಲ್ಲೆಯ ಇಗತ್‌ಪುರಿ ತಾಲೂಕೂ ಅಹಿಲ್ಯಾನಗರ ಜಿಲ್ಲೆಯ ಅಕೋಲೆ ತಾಲೂಕೂ ಕೂಡುವ ಕಡೆ, ಕಳಸೂಬಾಯಿ ಸಾಲಿನಲ್ಲಿ, ಒಂದರ ಪಕ್ಕ ಒಂದು ನಿಂತಿವೆ. ಮಹಾರಾಷ್ಟ್ರದ ಚಾರಣಿಗರು ಮೂರರ ಇಂಗ್ಲಿಷ್ ಮೊದಲಕ್ಷರಗಳನ್ನು ಸೇರಿಸಿ ‘ಎಎಂಕೆ’ ಎನ್ನುತ್ತಾರೆ. ಅದನ್ನು ಮುಗಿಸಿ ಬಂದವರ ಮಾತಿಗೆ ಬಳಗದಲ್ಲಿ ತೂಕ ಹೆಚ್ಚು. ಅಲಂಗ ಮತ್ತು ಮದನದ ನೆತ್ತಿಗೆ ಹೋಗುವಾಗ ಹಗ್ಗವಿಲ್ಲದೆ ದಾಟಲು ಬಾರದ ನೇರ ಬಂಡೆ ಅಡ್ಡ ಬರುತ್ತದೆ. ಅವರ ಮಾತಿನಲ್ಲಿ ಅದು ‘ರಾಕ್ ಪ್ಯಾಚ್’. ಚಾರಣದ ವರ್ಣನೆಗಳಲ್ಲೆಲ್ಲ ಈ ಬಂಡೆಯೇ ನಾಯಕ. ಆದರೆ ಅದರ ಆಸುಪಾಸಿನಲ್ಲಿ ಕಲ್ಲಿನಲ್ಲೇ ಕಡಿದ ಮೆಟ್ಟಿಲುಗಳು ಇವೆ. ನಡುವಿನವು ಮಾತ್ರ ಇಲ್ಲ. 1818ರಲ್ಲಿ ಪೇಶ್ವೆಯರ ಆಳ್ವಿಕೆ ಕೊನೆಗೊಂಡಾಗ, ಈ ಸೀಮೆಯ ಕೋಟೆಗಳು ಮತ್ತೆ ಎದುರಾಳಿಗಳ ಕೈ ಸೇರಬಾರದೆಂದು ಬ್ರಿಟಿಷರು ಅವುಗಳಲ್ಲಿ ಹಲವುಗಳ ಮೆಟ್ಟಿಲುದಾರಿಗಳನ್ನು ಒಡೆದುಹಾಕಿದರು. ಇಂದು ಹಗ್ಗ ಕಟ್ಟಿ ಉಸಿರು ಬಿಗಿಹಿಡಿದು ಏರುವ ಜಾಗ, ಒಂದು ಕಾಲಕ್ಕೆ ಕಾವಲಿನವನು ಹೆಗಲ ಮೇಲೆ ಧಾನ್ಯದ ಮೂಟೆ ಹೊತ್ತು ನಡೆದ ದಾರಿ. ದುರ್ಗಮವೆಂದು ನಾವು ಮೆಚ್ಚುವ ಬೆಟ್ಟ ಎರಡು ಶತಮಾನದ ಹಿಂದೆ ಮನುಷ್ಯರೇ ದುರ್ಗಮ ಮಾಡಿದ ಬೆಟ್ಟ.

ಇದೊಂದು ಸಂಗತಿಯಿಂದಲೇ ಇಂದಿನ ‘ಆಫ್‌ಬೀಟ್’ ಚಾರಣದ ಮೂಲ ನಂಬಿಕೆಯನ್ನು ಪರೀಕ್ಷೆಗೆ ಒಡ್ಡಬೇಕು ಎನ್ನಿಸುತ್ತದೆ. ಜನ ಓಡಾಡುವ ದಾರಿ ಬಿಟ್ಟು, ಕೊರಕಲು, ಬಂಡೆ, ಹುಲ್ಲಿನ ಅಂಚು ಹಿಡಿದು ದೂರದ ಬೆಟ್ಟ ಏರುವುದು ಈ ಚಾರಣದ ಬಗೆ. ಅದರ ಹೆಮ್ಮೆಯ ಮಾತು ಒಂದೇ: ಇಲ್ಲಿ ದಾರಿಯಿಲ್ಲ, ನಾವೇ ಮಾಡಿಕೊಂಡೆವು. ಸಹ್ಯಾದ್ರಿಯಲ್ಲಿ ಈ ಮಾತು ಬಹುಪಾಲು ನಿಜವಲ್ಲ. ಇಲ್ಲಿ ಕಾಲಿಡಬಹುದಾದ ಎಲ್ಲ ಕಡೆಯೂ ಯಾರೋ ಕಾಲಿಟ್ಟಿದ್ದಾರೆ: ದನ ಕಾಯುವವರು, ಹುಲ್ಲು ಕೊಯ್ಯುವವರು, ಕೊಂಕಣದಿಂದ ಘಟ್ಟದ ಮೇಲಿನ ಸಂತೆಗೆ ಹೊರೆ ತಂದವರು, ಜಾತ್ರೆಗೆ ಹೊರಟ ಹೆಂಗಸರು, ಸೈನಿಕರು. ಹಾಗಿದ್ದರೆ ಈ ಹವ್ಯಾಸದ ಬೆಲೆಯನ್ನು ಅಳೆಯಬೇಕಾದದ್ದು ಎಷ್ಟು ಕಷ್ಟದ್ದು, ಎಷ್ಟು ಜನ ಹೋಗಿಲ್ಲದ್ದು ಎಂಬುದರಿಂದಲ್ಲ. ಯಾರದೋ ಜಾಡನ್ನು ಎಷ್ಟು ಚೆನ್ನಾಗಿ ಓದಿದೆವು, ಓದಿದ ಮೇಲೆ ಅದನ್ನು ಅಳಿಸದೆ ಬಂದೆವೇ ಎಂಬುದರಿಂದ. ಈ ಅಳತೆಯಲ್ಲಿ ನೋಡಿದರೆ ಕಾಡುದಾರಿಯ ಚಾರಣ ನಮ್ಮ ಕಾಲದ ಅತ್ಯಂತ ಮೌಲಿಕ ಅಭ್ಯಾಸಗಳಲ್ಲಿ ಒಂದು. ಆದರೆ ಅದು ಈಗ ನಡೆಯುತ್ತಿರುವ ರೀತಿಯಲ್ಲಿ ತನ್ನ ಮೌಲ್ಯವನ್ನು ತಾನೇ ಕಳೆದುಕೊಳ್ಳುತ್ತಿದೆ.

ಮೊದಲು ಓದು ಎಂದರೇನು ಎಂಬುದನ್ನು ಹೇಳಬೇಕು, ಏಕೆಂದರೆ ವಾದವೆಲ್ಲ ಅದರ ಮೇಲೆ ನಿಂತಿದೆ. ಈ ಬೆಟ್ಟಗಳು ಸುಮಾರು 6.6 ಕೋಟಿ ವರ್ಷಗಳ ಹಿಂದೆ ಉಕ್ಕಿ ಹರಡಿದ ಲಾವಾದಿಂದ ಆದವು. ಒಂದು ಹರಿವು ಆರಿ ಕಲ್ಲಾದ ಮೇಲೆ ಇನ್ನೊಂದು, ಅದರ ಮೇಲೆ ಮತ್ತೊಂದು, ದೋಸೆ ಪೇರಿಸಿಟ್ಟ ಹಾಗೆ. ಗಟ್ಟಿ ಪದರ ಸವೆಯದೆ ನೇರ ಗೋಡೆಯಾಗಿ ನಿಲ್ಲುತ್ತದೆ. ಮೆದು ಪದರ ಸವೆದು ಇಳಿಜಾರಾಗುತ್ತದೆ, ಅಲ್ಲಿ ಮಣ್ಣು ನಿಂತು ಹುಲ್ಲು ಬೆಳೆಯುತ್ತದೆ. ಆದ್ದರಿಂದ ನಾಸಿಕ್ ಕಡೆಯ ಯಾವ ಬೆಟ್ಟವನ್ನು ದೂರದಿಂದ ನೋಡಿದರೂ ಗೋಡೆ, ಪಟ್ಟಿ, ಗೋಡೆ, ಪಟ್ಟಿ ಎಂದು ಅಡ್ಡ ಗೆರೆ ಎಳೆದಂತೆ ಕಾಣುತ್ತದೆ. ನೇರವಾಗಿ ಏರಲು ಆಗದು. ಹುಲ್ಲಿನ ಪಟ್ಟಿಯ ಮೇಲೆ ಬೆಟ್ಟವನ್ನು ಬಳಸಿಕೊಂಡು ಹೋಗಿ, ಗೋಡೆ ಎಲ್ಲಿ ಒಡೆದಿದೆಯೋ ಅಲ್ಲಿ ಒಂದು ಹಂತ ಏರಬೇಕು. ಗೋಡೆ ಒಡೆಯುವುದಕ್ಕೂ ಕಾರಣವಿದೆ. ಹಳೆಯ ಪದರಗಳ ಬಿರುಕಿನಲ್ಲಿ ಕೆಳಗಿಂದ ನುಗ್ಗಿದ ಲಾವಾ ಅಲ್ಲೇ ಹೆಪ್ಪುಗಟ್ಟಿ ನಿಲುವಾದ ಹಲಗೆಯಂತಾಗಿದೆ. ಅದು ಸುತ್ತಲಿನ ಕಲ್ಲಿಗಿಂತ ಗಟ್ಟಿಯಿದ್ದರೆ ಧೋಡಪ್ ಕೋಟೆಯ ಮಗ್ಗುಲಿನಿಂದ ಚಾಚಿಕೊಂಡ ಆ ವಿಚಿತ್ರ ಗೋಡೆಯ ಹಾಗೆ ಎದ್ದು ನಿಲ್ಲುತ್ತದೆ. ಮೆದುವಾಗಿದ್ದರೆ ಮಳೆನೀರು ಅದನ್ನೇ ಕೊರೆದು ಮೇಲಿಂದ ಕೆಳಗಿನವರೆಗೆ ಸೀಳು ಮಾಡುತ್ತದೆ. ಮರಾಠಿಯಲ್ಲಿ ಈ ಸೀಳಿಗೆ ‘ನಾಳ್’ ಎನ್ನುತ್ತಾರೆ. ಹರಿಶ್ಚಂದ್ರಗಡದ ಕೋಕಣಕಡಾ ಎಂಬ ಮಹಾ ಪ್ರಪಾತದ ಬದಿಯಲ್ಲಿ ಬೇಲ್ಪಾಡೆ ಊರಿನಿಂದ ಮೇಲೇರುವ ‘ನಳೀಚಿ ವಾಟ್’ ಇಂಥ ಸೀಳಿನ ದಾರಿ. ಅದೇ ಬೆಟ್ಟಕ್ಕೆ ಪಾಚನಯ್ ಕಡೆಯಿಂದ ಸುಲಭದ ದಾರಿಯಿದೆ. ಎರಡೂ ಒಂದೇ ಗುಹೆ, ಒಂದೇ ಗುಡಿಯ ಬಳಿ ತಲುಪಿಸುತ್ತವೆ, ಆದರೆ ಬೆಟ್ಟ ಹೇಗೆ ಕಟ್ಟಿದೆ ಎಂಬುದನ್ನು ಅಂಗಾಲಿಗೆ ಕಲಿಸುವುದು ನಳಿಯ ದಾರಿ ಮಾತ್ರ. ಸಡಿಲ ಕಲ್ಲು ಯಾವುದು, ನೀರು ಯಾವ ಪದರದ ಬುಡದಲ್ಲಿ ಜಿನುಗುತ್ತದೆ, ದನ ಹೋದ ಜಾಡು ಎಲ್ಲಿ ಮುಗಿದು ಮನುಷ್ಯ ಹೋದ ಜಾಡು ಎಲ್ಲಿ ಮುಂದುವರಿಯುತ್ತದೆ: ಇವನ್ನೆಲ್ಲ ಗಮನಿಸದೆ ಅಲ್ಲಿ ಹತ್ತು ಮಾರು ಹೋಗಲಾಗದು. ಹೆಜ್ಜೆಹೆಜ್ಜೆಗೂ ಬೆಟ್ಟದ ಕಡೆ ಕಣ್ಣಿಡುವಂತೆ ಮಾಡುವ ಈ ಒತ್ತಾಯವೇ ಕಠಿಣ ದಾರಿಯ ನಿಜವಾದ ಗುಣ. ಬೆವರು, ಭಯ, ಮೊಣಕಾಲಿನ ಗಾಯಗಳಿಗೆ ಸ್ವಂತ ಬೆಲೆಯಿಲ್ಲ.

ಕಲ್ಲನ್ನು ಓದಿದವರ ಪೈಕಿ ನಾವು ಕೊನೆಯವರು. ತ್ರ್ಯಂಬಕೇಶ್ವರದ ಸಮೀಪದ ಹರಿಹರ ಕೋಟೆಯ ಮೆಟ್ಟಿಲುಗಳನ್ನು ನೋಡಿದರೆ ಸಾಕು. ಹೆಚ್ಚುಕಡಿಮೆ ಏಣಿಯಷ್ಟೇ ಕಡಿದಾದ ಬಂಡೆಯಲ್ಲಿ ನೂರಕ್ಕೂ ಮಿಕ್ಕಿ ಮೆಟ್ಟಿಲು ಕೊರೆದಿದ್ದಾರೆ. ಮೆಟ್ಟಿಲಿನ ಎರಡೂ ಅಂಚಿಗೆ ಬೆರಳು ಸಿಕ್ಕಿಸಿ ಹಿಡಿಯಲು ಗೂಡು ತೋಡಿದ್ದಾರೆ. ಬಂಡೆಯ ಬಾಗು ಎಲ್ಲಿ ಸಹಾಯಕ್ಕೆ ಬರುತ್ತದೆ, ನೀರು ಎತ್ತ ಜಾರುತ್ತದೆ, ಮೇಲಿನ ಬಾಗಿಲಿನಿಂದ ಎಷ್ಟು ದೂರ ಕಣ್ಣು ಹಾಯುತ್ತದೆ ಎಂದು ತಿಳಿದವರ ಕೆಲಸ ಅದು. 1818ರಲ್ಲಿ ಇದನ್ನು ಕಂಡ ಬ್ರಿಟಿಷ್ ಅಧಿಕಾರಿ ಕ್ಯಾಪ್ಟನ್ ಬ್ರಿಗ್ಸ್ ಕೂಡ ಈ ಮೆಟ್ಟಿಲ ಕಡಿದಾದ ಏರನ್ನು ವಿವರಿಸಿ ಬರೆದ. ಕೋಟೆಗಳ ನೆತ್ತಿಯ ಮೇಲೆ ಕೊರೆದ ನೀರಿನ ತೊಟ್ಟಿಗಳೂ ಹಾಗೆಯೇ. ಜಾಡಿಲ್ಲದ ಕಡೆಯಿಂದ ಏರಿ ಬಂದೆನೆನ್ನುವ ಚಾರಣಿಗನೂ ಮೇಲೆ ಬಂದು ಬಾಟಲಿ ತುಂಬಿಸುವುದು ಈ ‘ಟಾಕೆ’ಗಳಿಂದಲೇ. ಇನ್ನೂ ಹಿಂದಕ್ಕೆ ಹೋದರೆ, ಸಂಭಾಜಿನಗರ ಜಿಲ್ಲೆಯ ಗೌತಾಳಾ ಔತ್ರಾಮಘಾಟ್ ಅಭಯಾರಣ್ಯದ ಕಣಿವೆಯಲ್ಲಿ ಪಿತಳ್‌ಖೋರಾ ಗುಹೆಗಳಿವೆ. ಕ್ರಿಸ್ತಪೂರ್ವ ಕಾಲದ ಬೌದ್ಧ ವಿಹಾರಗಳು ಅವು. ಇಂದು ಕಾಡು ಎನ್ನಿಸುವ ಜಾಗದಲ್ಲಿ ಅವು ಇರುವುದಕ್ಕೆ ಕಾರಣ, ಪೈಠಣದಿಂದ ಗುಜರಾತಿನ ಭರೂಚ್ ಬಂದರಿನ ಕಡೆಗೆ ಸಾಗುತ್ತಿದ್ದ ವ್ಯಾಪಾರದ ಹಾದಿ.

ಈಗ ಆಗುತ್ತಿರುವುದು ಏನು? ಬೆಟ್ಟಕ್ಕೆ ಬರುವವರು ಹೊರಡುವ ಒಂದು ಕಡೆಯಿಂದಲೇ ಶುರುಮಾಡೋಣ: ಸಂಭಾಜಿನಗರದ ಪೂರ್ವಕ್ಕೆ ಜಾಲ್ನಾ ರಸ್ತೆಯಲ್ಲಿ ಶೇಂದ್ರಾದ ಕೈಗಾರಿಕಾ ಪ್ರದೇಶವಿದೆ. ಕಾರು, ಮದ್ಯ, ಯಂತ್ರದ ಬಿಡಿಭಾಗ ತಯಾರಾಗುವ, ಹೆಚ್ಚೂಕಡಿಮೆ ಚಪ್ಪಟೆಯಾದ ಬಯಲು. ಅದರ ಸನಿಹವೇ ಹಾದುಹೋಗುವ 701 ಕಿ.ಮೀ. ಉದ್ದದ ಮುಂಬಯಿ–ನಾಗಪುರ ಸಮೃದ್ಧಿ ಹೆದ್ದಾರಿ 2024ರ ಮಾರ್ಚ್‌ನಲ್ಲಿ ಇಗತ್‌ಪುರಿ ಮುಟ್ಟಿತು, 2025ರ ಜೂನ್‌ನಲ್ಲಿ ಪೂರ್ಣವಾಯಿತು. ಶನಿವಾರದ ಪಾಳಿ ಮುಗಿಸಿದವರು ರಾತ್ರಿ ಹೊರಟು ಬೆಳಗಿನ ಜಾವಕ್ಕೆ ಮೊದಲೇ ಕಳಸೂಬಾಯಿ ಸಾಲಿನ ಬುಡದಲ್ಲಿರಬಹುದು. ಮುಂಬಯಿ, ಪುಣೆಯವರಿಗಂತೂ ಇದು ಮೊದಲೇ ಹತ್ತಿರ. ವಾರವೆಲ್ಲ ಶೆಡ್ಡಿನೊಳಗೆ ದುಡಿದವರಿಗೆ ಬೆಟ್ಟ ಇಷ್ಟು ಸಮೀಪವಾದದ್ದು ಒಳ್ಳೆಯದೇ. ಆದರೆ ಒಂದೂವರೆ ದಿನದ ರಜೆಗೆ ಬೆಟ್ಟವನ್ನು ಹೊಂದಿಸುವ ವ್ಯಾಪಾರ ಅದರ ಜೊತೆಗೇ ಬೆಳೆಯಿತು. ಊರಿನಿಂದ ಊರಿಗೆ ಬಸ್ಸು, ಊಟ, ಹೆಲ್ಮೆಟ್, ಹಗ್ಗ, ಚಿತ್ರ ಎಲ್ಲ ಸೇರಿ ತಲೆಗೆ ಇಷ್ಟು ಎಂದು ದರ. ಹಗ್ಗವನ್ನು ಮುಂದೆ ಹೋದವರು ಕಟ್ಟಿರುತ್ತಾರೆ. ಕವಲಿನಲ್ಲಿ ಬಂಡೆಗೆ ಬಣ್ಣದ ಬಾಣ ಬಳಿದಿರುತ್ತಾರೆ. ಉಳಿದದ್ದು ಸಾಲಿನಲ್ಲಿ ಕಾಯುವುದು. ಹರಿಹರದ ಆ ಮೆಟ್ಟಿಲ ಮೇಲೆ ಮಳೆಗಾಲದ ಭಾನುವಾರಗಳಲ್ಲಿ ಏರುವವರೂ ಇಳಿಯುವವರೂ ಒಬ್ಬರಿಗೊಬ್ಬರು ಅಡ್ಡವಾಗಿ ನಿಂತು, ಕೊನೆಗೆ ಅರಣ್ಯ ಇಲಾಖೆ ಜನರ ಸಂಖ್ಯೆಗೆ ಮಿತಿ ಹೇರಬೇಕಾಯಿತು. ಇಷ್ಟಾದರೂ ಅದನ್ನು ‘ಸಾಹಸ’ ಎಂದೇ ಮಾರುತ್ತಾರೆ. ಕಷ್ಟದ ಬಂಡೆ ಉಳಿದಿದೆ, ಓದು ಮಾತ್ರ ಹೋಗಿದೆ.

ಗುಂಪಿನಿಂದ ಬೇಸತ್ತು ಇನ್ನೂ ದೂರದ ಜಾಡಿಲ್ಲದ ಕಡೆಗೆ ಹೋಗುವ ಅನುಭವಿಗಳು ತಾವು ಈ ರೋಗದಿಂದ ಹೊರಗಿದ್ದೇವೆ ಎಂದುಕೊಳ್ಳುತ್ತಾರೆ. ನನ್ನ ತಕರಾರು ಹೆಚ್ಚಾಗಿ ಇವರ ಜೊತೆ, ಏಕೆಂದರೆ ಈ ಅಭ್ಯಾಸದ ಮಾನದಂಡ ಕಟ್ಟುವವರು ಇವರೇ. ಇವರಲ್ಲಿ ಬಹುಮಂದಿ ಈಗ ನಡೆಯುವುದು ಮೊಬೈಲಿನ ಪರದೆಯ ಮೇಲಿನ ಗೆರೆಯ ಹಿಂದೆ. ಮೊದಲು ಹೋದವರು ಜಿಪಿಎಸ್‌ನಲ್ಲಿ ದಾಖಲಿಸಿದ ಜಾಡನ್ನು ಇಳಿಸಿಕೊಂಡು ಅದರ ಮೇಲೆ ಹೆಜ್ಜೆ ಇಡುತ್ತಾರೆ. ಬಂಡೆಯ ಮೇಲಿನ ಬಾಣಕ್ಕೂ ಈ ಗೆರೆಗೂ ವ್ಯತ್ಯಾಸವೇನು? ಬಾಣ ಎಲ್ಲರಿಗೂ ಕಾಣುತ್ತದೆ, ಗೆರೆ ಕೆಲವರಿಗೆ ಮಾತ್ರ. ಇದಕ್ಕೆ ಬರುವ ಎದುರುಮಾತು ನ್ಯಾಯವಾದದ್ದು: ಮಂಜು ಕವಿದ ಘಟ್ಟದಲ್ಲಿ ಈ ಯಂತ್ರ ಜೀವ ಉಳಿಸುತ್ತದೆ, ಅದನ್ನು ಹಳಿಯುವುದು ಹೊಣೆಗೇಡಿತನ. ಯಂತ್ರ ಚೀಲದಲ್ಲಿರಲಿ, ದಾರಿ ತಪ್ಪಿದಾಗ ತೆಗೆಯಲಿ. ಅದಕ್ಕೆ ಯಾರ ವಿರೋಧವೂ ಇರಬೇಕಿಲ್ಲ. ಆದರೆ ಅದರ ಮೇಲೆಯೇ ಭಾರ ಹಾಕಿ ನಡೆಯುವುದು ಈ ಬೆಟ್ಟಗಳಲ್ಲಿ ಸುರಕ್ಷಿತವೂ ಅಲ್ಲ. ಸರ್ವೇ ಆಫ್ ಇಂಡಿಯಾದ 1:50,000 ಪ್ರಮಾಣದ ನಕ್ಷೆಯಲ್ಲಿ ಎತ್ತರದ ಗೆರೆಗಳ ನಡುವೆ ಸಾಮಾನ್ಯವಾಗಿ 20 ಮೀಟರ್ ಅಂತರ. ಹತ್ತು ಹದಿನೈದು ಮೀಟರಿನ ನೇರ ಗೋಡೆ ಎರಡು ಗೆರೆಗಳ ನಡುವೆ ಅಡಗಿಬಿಡಬಹುದು, ಬಸಾಲ್ಟಿನ ಬೆಟ್ಟದಲ್ಲಿ ಇಂಥ ಗೋಡೆಗಳೇ ಹೆಚ್ಚು. ಇನ್ನು ನಾಳ್‌ನೊಳಗೆ ಎರಡೂ ಬದಿಯ ಬಂಡೆ ಆಕಾಶವನ್ನು ಮರೆಮಾಡಿದಾಗ ಉಪಗ್ರಹದ ಸಂಕೇತ ಸರಿಯಾಗಿ ಸಿಗದೆ, ಪರದೆಯ ಚುಕ್ಕೆ ಹತ್ತಾರು ಮೀಟರ್ ಅತ್ತಿತ್ತ ಸರಿಯುತ್ತದೆ. ಅಂಚಿನ ಮೇಲೆ ನಡೆಯುವವನಿಗೆ ಹತ್ತು ಮೀಟರ್ ಎಂದರೆ ಹುಲ್ಲಿನ ಪಟ್ಟಿಗೂ ಗಾಳಿಗೂ ನಡುವಿನ ಅಂತರ. ಪರದೆಯನ್ನೇ ನಂಬಿ ಬಂದವನಿಗೆ, ಅದು ಕೈಕೊಟ್ಟ ಗಳಿಗೆಯಲ್ಲಿ ಕಲ್ಲು ಏನು ಹೇಳುತ್ತಿದೆ ಎಂದು ತಿಳಿಯುವ ಅಭ್ಯಾಸವಿರುವುದಿಲ್ಲ.

ಹೆಸರಿಡುವ ಚಟ ಇನ್ನೊಂದು. ಹೊಸ ದಾರಿ ‘ಕಂಡುಹಿಡಿದೆವು’ ಎಂದು ಬರೆದು ತಮ್ಮ ತಂಡದ ಹೆಸರು ಹಾಕಿಕೊಳ್ಳುವ ವರದಿಗಳನ್ನು ಓದಿದರೆ, ನಡುವೆ ಎಲ್ಲೋ ಒಂದು ಸಾಲಿನಲ್ಲಿ ‘ಊರಿನವರೊಬ್ಬರು ಜೊತೆಗೆ ಬಂದರು’ ಎಂದಿರುತ್ತದೆ. ಆ ಊರಿನವರಿಗೆ ಮರಾಠಿಯಲ್ಲಿ ‘ವಾಟಾಡ್ಯಾ’ ಎಂಬ ಚಂದದ ಹೆಸರಿದೆ, ದಾರಿ ತೋರುವವನು ಎಂದು. ಕಳಸೂಬಾಯಿ, ಹರಿಶ್ಚಂದ್ರಗಡದ ಸುತ್ತ ಇವರು ಬಹುತೇಕ ಮಹಾದೇವ ಕೋಳಿ ಮತ್ತು ಠಾಕರ್ ಸಮುದಾಯದವರು. ಚಾರಣಿಗ ಮೂರು ದಿನ ಪಟ್ಟ ಪಾಡನ್ನು ಅವರು ಅರ್ಧ ದಿನದಲ್ಲಿ ಮುಗಿಸಿ ಸಂಜೆಗೆ ಹಾಲು ಕರೆಯಲು ಮನೆಗೆ ಬರುತ್ತಾರೆ. ಅವರಿಗೆ ‘ಜಾಡಿಲ್ಲದ ದಾರಿ’ ಎಂಬ ಮಾತೇ ಅರ್ಥವಾಗುವಂಥದ್ದಲ್ಲ. ನಮ್ಮ ಮಲೆನಾಡಿಗೂ ಇದು ಅಪರಿಚಿತವೇನಲ್ಲ. ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯ ಗುತ್ತಿ ತನ್ನ ನಾಯಿ ಹುಲಿಯನ ಜೊತೆ ಕಾಡು ದಾಟುವುದು ಸಾಹಸಕ್ಕಲ್ಲ, ಬಾಳಿನ ಕೆಲಸಕ್ಕೆ. ಕಾದಂಬರಿಯ ತುಂಬ ಜನ ನಡೆಯುತ್ತಾರೆ, ನಡೆಯುವುದರಿಂದಲೇ ಆ ಲೋಕ ಹೆಣೆದುಕೊಳ್ಳುತ್ತದೆ. ದಾರಿ ಬಲ್ಲವರಿಗೆ ದಿನದ ಕೂಲಿ ಕೊಟ್ಟರೆ ಸಾಲ ತೀರಿತು ಎಂದು ವಾದಿಸುವವರಿದ್ದಾರೆ. ಕೂಲಿ ಸರಿಯಾಗಿ ಸಿಗುವುದು ಮೊದಲ ಮಾತು, ಅದರಲ್ಲಿ ಎರಡಿಲ್ಲ. ಆದರೆ ಪುಸ್ತಕದಿಂದ ಎತ್ತಿಕೊಂಡ ವಿಚಾರಕ್ಕೆ ಬರೆದವರ ಹೆಸರು ಹೇಳುವುದು ಮರ್ಯಾದೆಯಾದರೆ, ಕಾಲಿನ ತಿಳಿವಳಿಕೆಗೂ ಅದೇ ಮರ್ಯಾದೆ ಸಲ್ಲಬೇಕು. ಊರವರು ಆ ಸೀಳಿಗೆ, ಆ ಪಟ್ಟಿಗೆ, ಆ ಬಂಡೆಗೆ ಏನೆನ್ನುತ್ತಾರೆ ಎಂಬುದನ್ನು ಕೇಳಿ ಬರೆದುಕೊಳ್ಳದ ಚಾರಣ ಅರ್ಧ ಓದಿದ ಪುಟ.

ಕಾಡುದಾರಿಯ ಚಾರಣವೇ ಬೇಡ, ನಿಗದಿಯಾದ ದಾರಿಯಲ್ಲಷ್ಟೇ ಹೋಗಲಿ ಎನ್ನುವವರ ಆಕ್ಷೇಪ ಇನ್ನೂ ಗಟ್ಟಿಯಾದದ್ದು. ಜಾಡು ಬಿಟ್ಟರೆ ನೆಲ ಹಾಳಾಗುತ್ತದೆ, ಗಿಡ ತುಳಿತಕ್ಕೆ ಸಿಗುತ್ತದೆ, ಪ್ರಾಣಿಗೆ ತೊಂದರೆ. ಕರ್ನಾಟಕದ ಮಟ್ಟಿಗೆ ಈ ವಾದವನ್ನು ನಾನು ಪೂರ್ತಿ ಒಪ್ಪುತ್ತೇನೆ. ಕುದುರೆಮುಖದ ಬೆಟ್ಟಗಳು ಶೋಲಾ ಕಾಡು ಮತ್ತು ಹುಲ್ಲುಗಾವಲಿನ ಬೆಟ್ಟಗಳು. ಅಲ್ಲಿ ಮಣ್ಣು ಆಳ, ಮಳೆ ಭಾರಿ, ಒಮ್ಮೆ ಹುಲ್ಲಿನ ಬೇರು ಕಿತ್ತರೆ ಮುಂದಿನ ಮಳೆಗೆ ಅಲ್ಲೇ ಕೊರಕಲು ಬೀಳುತ್ತದೆ. ಇಳಿಜಾರಿನಲ್ಲಿ ಒಳದಾರಿ ಹಿಡಿದ ಹತ್ತು ಜನರ ಹೆಜ್ಜೆಗುರುತು ವರ್ಷಗಟ್ಟಲೆ ಮಾಯುವುದಿಲ್ಲ. 1712 ಮೀಟರ್ ಎತ್ತರದ ಕುಮಾರಪರ್ವತಕ್ಕೆ 2024ರ ಗಣರಾಜ್ಯೋತ್ಸವದ ರಜೆಯಲ್ಲಿ ಜನಸಾಗರ ಹರಿದು, ರಾಜ್ಯ ಸರ್ಕಾರ ಚಾರಣವನ್ನೇ ಕೆಲಕಾಲ ನಿಲ್ಲಿಸಿ ಆನ್‌ಲೈನ್ ನೋಂದಣಿಯನ್ನು ಕಡ್ಡಾಯ ಮಾಡಿದ್ದು ಸರಿಯಾದ ಹೆಜ್ಜೆ. ಇಂಥ ನೆಲದಲ್ಲಿ ಜಾಡು ಬಿಡದಿರುವುದೇ ಓದು ಬಲ್ಲವನ ಲಕ್ಷಣ. ಆದರೆ ಇದೇ ನಿಯಮವನ್ನು ನಾಸಿಕ್‌ನ ಕಲ್ಲುಬೆಟ್ಟಕ್ಕೆ ಹಾಗೆಯೇ ಒಯ್ಯಲಾಗದು. ಪ್ರತಿ ಮಳೆಗಾಲ ತಾನೇ ಕಲ್ಲುರುಳಿಸಿಕೊಳ್ಳುವ ನಾಳ್‌ನಲ್ಲಿ ಚಳಿಗಾಲದಲ್ಲಿ ಆರು ಜನ ಏರಿದರೆ ಉಳಿಯುವ ಗುರುತು ಅಲ್ಪ. ಅಲ್ಲಿ ನಾಜೂಕಾದದ್ದು ನೆತ್ತಿ. ಮಳೆ ಬಿದ್ದ ಮೇಲೆ ಬೆರಳುದ್ದದ ಮಣ್ಣಿನಲ್ಲಿ ಕೆಲವೇ ವಾರ ಅರಳಿ ಬೀಜ ಕಟ್ಟುವ ಸಣ್ಣ ಗಿಡಗಳ ಕಲ್ಲುಹಾಸು ಅದು. ಚಿತ್ರ ತೆಗೆಯಲು ಗುಂಪು ಹರಡಿಕೊಳ್ಳುವುದೂ ಡೇರೆ ಹಾಕುವುದೂ ಸರಿಯಾಗಿ ಅಲ್ಲಿಯೇ, ಅದೇ ವಾರಗಳಲ್ಲಿ. ಹಾಗಾಗಿ ದಾರಿ ಬಿಡಬೇಕೋ ಬೇಡವೋ ಎಂಬ ಪ್ರಶ್ನೆಗೆ ಎಲ್ಲ ಬೆಟ್ಟಕ್ಕೂ ಒಂದೇ ಉತ್ತರವಿಲ್ಲ. ಯಾವ ಕಲ್ಲು, ಯಾವ ಮಣ್ಣು, ಯಾವ ತಿಂಗಳು, ಎಷ್ಟು ಜನ ಎಂದು ಕೇಳಬೇಕು.

ಸಾವಿನ ಪ್ರಶ್ನೆಯನ್ನು ಇಷ್ಟು ಸಲೀಸಾಗಿ ದಾಟಲಾಗದು. 2020ರ ಜನವರಿಯಲ್ಲಿ ಕೋಕಣಕಡಾದಲ್ಲಿ, ದಶಕಗಳ ಕಾಲ ಸಹ್ಯಾದ್ರಿಯನ್ನು ಬಲ್ಲ ಹಿರಿಯ ಆರೋಹಿಯೊಬ್ಬರು ಬಿದ್ದು ತೀರಿಕೊಂಡರು. ಓದು ಬಲ್ಲವರನ್ನೂ ಬೆಟ್ಟ ಬಿಡುವುದಿಲ್ಲ ಎಂದ ಮೇಲೆ ಇಂಥ ದಾರಿಗಳನ್ನು ಹೊಗಳುವ ಹಕ್ಕು ಯಾರಿಗಿದೆ ಎಂದು ಕೇಳಿದರೆ, ಕೇಳಿದವರ ಬಾಯಿ ಮುಚ್ಚಿಸುವ ಉತ್ತರ ನನ್ನಲ್ಲಿಲ್ಲ. ಇಷ್ಟನ್ನು ಮಾತ್ರ ಹೇಳಬಹುದು: ಅಪಾಯವನ್ನೇ ಹಿರಿಮೆಯೆಂದು ಎತ್ತಿ ತೋರಿಸುವ ಬರವಣಿಗೆ ಸಾವಿನ ದಾರಿಯನ್ನು ಅಗಲ ಮಾಡುತ್ತದೆ. ಮಧ್ಯಾಹ್ನದೊಳಗೆ ಗೋಡೆಯ ಬುಡ ಮುಟ್ಟದಿದ್ದುದರಿಂದ ಹಿಂದಿರುಗಿದೆವು, ಮಳೆಯಾಗಿದ್ದರಿಂದ ನಾಳ್‌ಗೆ ಇಳಿಯಲಿಲ್ಲ ಎಂದು ಬರೆದ ವರದಿಗಳು ವಿರಳ. ತುದಿ ಮುಟ್ಟದ ಚಾರಣವೂ ಹೇಳತಕ್ಕದ್ದೇ ಎಂಬ ಮರ್ಯಾದೆ ಈ ಬಳಗದಲ್ಲಿ ಬೆಳೆದರೆ ಕೆಲವು ಜೀವಗಳಾದರೂ ಉಳಿದಾವು. ಹಾಗಿದ್ದರೆ ಎಲ್ಲ ಕಡೆ ಕಬ್ಬಿಣದ ಏಣಿ, ಕಟಕಟೆ ಹಾಕಿಬಿಡಬಾರದೇಕೆ ಎನ್ನುವವರೂ ಇದ್ದಾರೆ. 1646 ಮೀಟರ್ ಎತ್ತರದ, ಮಹಾರಾಷ್ಟ್ರದಲ್ಲೇ ಹಿರಿದಾದ ಕಳಸೂಬಾಯಿಗೆ ಬಾರಿ ಊರಿನ ಕಡೆಯಿಂದ ಏಣಿಗಳಿವೆ, ಅವು ಇರಬೇಕಾದದ್ದೇ. ನೆತ್ತಿಯ ಪುಟ್ಟ ಗುಡಿಯ ದೇವಿಗೆ ನವರಾತ್ರಿಯಲ್ಲಿ ಹರಕೆ ಒಪ್ಪಿಸಲು ಬರುವ ಮುದುಕಿಗೆ ಆ ಬೆಟ್ಟದ ಮೇಲಿನ ಹಕ್ಕು ಯಾವ ಚಾರಣಿಗನಿಗಿಂತಲೂ ಹಳೆಯದು. ಮದನದಲ್ಲಿ ಅಂಥ ಹಕ್ಕುದಾರರಿಲ್ಲ. ಅಲ್ಲಿ ಏಣಿ ಹಾಕಿದರೆ 1818ರಲ್ಲಿ ಕಡಿದುಹೋದ ಜಾಗ ಮುಚ್ಚಿಹೋಗಿ, ಬಂದವರಿಗೆ ಅದು ಗೊತ್ತೂ ಆಗದು.

2025ರ ಜುಲೈನಲ್ಲಿ ಯುನೆಸ್ಕೊ ವಿಶ್ವಪರಂಪರೆಯ ಪಟ್ಟಿಗೆ ಸೇರಿದ 12 ಮರಾಠಾ ಕೋಟೆಗಳಲ್ಲಿ ನಾಸಿಕ್ ಜಿಲ್ಲೆಯ ಸಾಲ್ಹೇರ್ ಒಂದು. 1567 ಮೀಟರ್ ಎತ್ತರದ ಈ ಬೆಟ್ಟದ ಬುಡದಲ್ಲಿ 1672ರಲ್ಲಿ ಮರಾಠರು ಮೊಗಲ್ ಸೇನೆಯನ್ನು ಬಯಲಿನಲ್ಲೇ ಎದುರಿಸಿ ಗೆದ್ದರು. ಪಟ್ಟಿಗೆ ಸೇರಿದ ಮೇಲೆ ಜನ ಹೆಚ್ಚುವುದು ಸಹಜ, ರಸ್ತೆ, ಕಟಕಟೆ, ಫಲಕಗಳ ಬೇಡಿಕೆಯೂ ಬರುತ್ತದೆ. ಅಲ್ಲಿ ಗೋಡೆ ಬುರುಜುಗಳನ್ನು ಕಾಪಾಡುವುದರ ಬಗ್ಗೆ ಮಾತು ನಡೆಯುತ್ತದೆ. ಆ ಗೋಡೆಗಳಿಗೆ ನೀರು, ಕಾಳು, ಸುದ್ದಿ ತಂದ ಕಾಲುದಾರಿಗಳೂ ಪರಂಪರೆಯೇ ಎಂದು ಹೇಳುವವರು ಬೇಕು. ಆ ದಾರಿಗಳು ಈಗ ಯಾವ ದಾಖಲೆಯಲ್ಲೂ ಗಟ್ಟಿಯಾಗಿ ನಿಂತಿಲ್ಲ, ಮುದುಕರ ನೆನಪಿನಲ್ಲೂ ದನಗಳ ಗೊರಸಿನಲ್ಲೂ ಉಳಿದಿವೆ. ಊರುಗಳಿಗೆ ಡಾಂಬರು ರಸ್ತೆ ಬಂದು, ಮಕ್ಕಳು ಶೇಂದ್ರಾದಂಥ ಕಾರ್ಖಾನೆಗಳ ಕಡೆ ಹೊರಟುಹೋದಂತೆ ಹುಲ್ಲು ಅವನ್ನು ಮುಚ್ಚುತ್ತಿದೆ. ಯಾರೂ ನಡೆಯದ ದಾರಿ ಎರಡು ಮೂರು ಮಳೆಗಾಲಕ್ಕಿಂತ ಹೆಚ್ಚು ಬಾಳುವುದಿಲ್ಲ. ಸರಿಯಾಗಿ ನಡೆದರೆ, ಇವನ್ನು ಬದುಕಿಸಿಡಬಲ್ಲ ಕಾಲುಗಳು ಈಗ ಚಾರಣಿಗರ ಬಳಿಯೇ ಇವೆ. ಈ ಅಭ್ಯಾಸದ ಮೇಲೆ ನನಗಿರುವ ಆಸೆಗೆ ಇದೇ ಕಾರಣ.

ಕನ್ನಡದ ಓದುಗರಿಗೆ ಇಲ್ಲೊಂದು ಬೆಟ್ಟ ವಿಶೇಷವಾಗಿ ಸೇರಿದ್ದು. ನಾಸಿಕ್ ಜಿಲ್ಲೆಯ ವಣಿಯ ಸಪ್ತಶೃಂಗಿ ದೇವಿಯ ಬೆಟ್ಟಕ್ಕೆ ಈಗ ಮೆಟ್ಟಿಲ ಜೊತೆಗೆ ಹಳಿಯ ಮೇಲೆ ಏರುವ ಗಾಡಿಯೂ ಇದೆ, ಲಕ್ಷಾಂತರ ಭಕ್ತರು ಬರುತ್ತಾರೆ. ಅದರ ಎದುರಿಗೆ ಮಾರ್ಕಂಡ್ಯಾ ಎಂಬ ಕೋಟೆಬೆಟ್ಟ. ಮಾರ್ಕಂಡೇಯ ಋಷಿ ಅಲ್ಲಿ ಕೂತು ದೇವಿಯ ಮಹಿಮೆ ಹೇಳುತ್ತಿದ್ದ, ಕೇಳಲೆಂದೇ ದೇವಿ ಈಚೆ ತಲೆ ಓರೆ ಮಾಡಿದ್ದಾಳೆ ಎಂದು ಜನ ಹೇಳುತ್ತಾರೆ. 9ನೆಯ ಶತಮಾನದ ಆರಂಭದಲ್ಲಿ ರಾಷ್ಟ್ರಕೂಟ ಮುಮ್ಮಡಿ ಗೋವಿಂದ ತನ್ನ ದಾನದ ತಾಮ್ರಶಾಸನಗಳನ್ನು ಮಯೂರಖಂಡಿಯ ಬೀಡಿನಿಂದ ಹೊರಡಿಸಿದ. ಆ ಮಯೂರಖಂಡಿ ಇದೇ ಬೆಟ್ಟವೆಂದು ಕೆಲವು ವಿದ್ವಾಂಸರು ಗುರುತಿಸಿದ್ದಾರೆ. ದಕ್ಷಿಣದಿಂದ ಬಂದ ದಂಡು, ದೂತರು, ಬರೆಯುವವರು, ಕುದುರೆಗೆ ಮೇವು ಹೊತ್ತವರು ಈ ಕಲ್ಲುಪಟ್ಟಿಗಳ ಯಾವ ಒಡಕಿನಿಂದ ಮೇಲೆ ಹೋದರು, ನೀರು ಯಾವ ಮಗ್ಗುಲಿನಿಂದ ಏರಿಸಿದರು ಎಂಬುದನ್ನು ಶಾಸನ ಹೇಳುವುದಿಲ್ಲ. ಬುಡದ ಊರಿನಲ್ಲಿ ಒಂದು ದಿನ ಹೆಚ್ಚು ತಂಗಿ, ಹುಲ್ಲು ಕೊಯ್ಯುವವರನ್ನು ಕೇಳಿ, ಬೆಟ್ಟವನ್ನು ಒಂದು ಸುತ್ತು ಬಳಸಿ ಬರುವವರಿಗೆ ಅದರ ಸುಳಿವು ಸಿಗಬಹುದು.